ಶ್ರುತಿಯಿಲ್ಲದ ಗದ್ದಲವೇ, ಸ್ವಾಮಿ?



ಕಳೆದ ಸಂಚಿಕೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ರಾಜ್ಯೋತ್ಸವದ ವೇದಿಕೆಯ ಬಗ್ಗೆ ಬರೆದ ಪತ್ರವನ್ನು ಎಲ್ಲರೂ ಓದಿರುತ್ತೀರಿ. ಕೂಟದ ನಾಲ್ಕು ಮನೆಗಳ ಮಕ್ಕಳು ಸೇರಿ ಗ್ಯಾರೇಜಿನಲ್ಲಿ ಒಂದು ಬ್ಯಾಂಡು ಕಟ್ಟಿಕೊಂಡಿದ್ದಾರೆ. ಎರಡು ಗಿಟಾರು, ಒಂದು ಬೇಸು, ಒಂದು ಡ್ರಮ್ಮು. ರಾಜ್ಯೋತ್ಸವದಲ್ಲಿ ಇಪ್ಪತ್ತೈದು ನಿಮಿಷ ಕೊಡಿ ಎಂದು ಸಮಿತಿಯನ್ನು ಕೇಳಿದ್ದಾರೆ. ಹಿರಿಯರ ಅಭಿಪ್ರಾಯವೇನೆಂದರೆ ಇದು ಶ್ರುತಿಯಿಲ್ಲದ ಗದ್ದಲ, ಕಲಿಯದವರ ಆಟ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮದಲ್ಲದ್ದು. ಸಮಿತಿಯವರು ಪತ್ರವನ್ನು ಓದಿ, ತಲೆದೂಗಿ, "ಮುಂದೆ ನೋಡೋಣ" ಎಂದಿದ್ದಾರೆ. ಮುಂದೆ ನೋಡೋಣ ಎಂದರೆ ಏನರ್ಥ ಎಂಬುದನ್ನು ಊರಿನಲ್ಲಿ ಸರ್ಕಾರಿ ಕಚೇರಿಗಳಿಗೆ ಅಲೆದು ಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಿರಿಯರ ಮೇಲೆ ನನಗೆ ಗೌರವವಿದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಅವರ ಮನೆಯ ಹುಳಿ ಅನ್ನ ಉಂಡವನು ನಾನು. ಆದರೆ ಉಪ್ಪಿನ ಋಣವೇ ಬೇರೆ, ವಾದವೇ ಬೇರೆ. ಅವರು ಗದ್ದಲ ಎಂದು ತಳ್ಳಿಹಾಕಿದ ಸಂಗೀತದ ಹುಚ್ಚು ನನಗೆ ಹತ್ತಿ ಬಹಳ ವರ್ಷಗಳಾದವು. ನನ್ನ ಕಾರಿನಲ್ಲಿ ಕೂತವರಿಗೆಲ್ಲ ಅದರ ಅನುಭವವಾಗಿದೆ. ಕೆಲವರು ಮುಂದಿನ ಸಲ ಬಸ್ಸಿಗೆ ಹೋಗಿದ್ದಾರೆ. ಆದ್ದರಿಂದ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೇ ಬಂತು.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಡೀ ಎಂಬುದು ಇಂಡಿಪೆಂಡೆಂಟ್ ಎಂಬುದರ ಮೊಟಕು. ಇಂಡಿಯಾಕ್ಕೂ ಅದಕ್ಕೂ ನಂಟಿಲ್ಲ (ಇದೆ, ಆ ಕಥೆ ಮುಂದೆ ಬರುತ್ತದೆ). ದೊಡ್ಡ ಕಂಪನಿಗಳ ಹಂಗಿಲ್ಲದೆ, ಸಣ್ಣ ಸಣ್ಣ ಲೇಬಲ್ಲುಗಳ ಮೂಲಕ, ಕಾಲೇಜು ರೇಡಿಯೋಗಳ ಮೂಲಕ, ಕೈಬರಹದ ಜೆರಾಕ್ಸ್ ಪತ್ರಿಕೆಗಳ ಮೂಲಕ ಊರಿಂದೂರಿಗೆ ಹಬ್ಬಿದ ಗಿಟಾರು ಸಂಗೀತ ಇದು. ಆಲ್ಟರ್ನೇಟಿವ್ ಎಂಬುದು ಅಂಗಡಿಯವರು ಆಮೇಲೆ ಹಚ್ಚಿದ ಚೀಟಿ. 1991ರಲ್ಲಿ ಗ್ರ್ಯಾಮಿಯವರೂ ಅದೇ ಹೆಸರಿನಲ್ಲಿ ಒಂದು ಬಹುಮಾನ ಇಟ್ಟರು. ಮೊದಲ ಬಹುಮಾನ ಸಿಕ್ಕಿದ್ದು ಶಿನೇಡ್ ಓಕಾನರ್ ಎಂಬ ಐರಿಷ್ ಹೆಣ್ಣುಮಗಳಿಗೆ. ಆಕೆ ಬೇಡವೆಂದು ಬಿಟ್ಟಳು. ಈ ಸಂಗೀತದ ಜಾಯಮಾನ ಅಷ್ಟರಲ್ಲೇ ತಿಳಿಯುತ್ತದೆ.

ಈಗ ಶ್ರುತಿಯ ಮಾತು. ಪತ್ರ ಬರೆದ ಹಿರಿಯರು ಭೀಮಸೇನ ಜೋಶಿಯವರ ಪರಮ ಭಕ್ತರು. ಅವರಿಗೇ ಕೇಳುತ್ತೇನೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ ಒಂದೆಳೆ ದಾರ ಸಿಕ್ಕಿಸುತ್ತಾರಲ್ಲ, ಜೀವಾಳಿ, ಅದು ಯಾತಕ್ಕೆ? ತಂತಿ ಟಿಣ್ ಎಂದು ಸುಮ್ಮನಾಗದೆ ಝೇಂಕರಿಸಲಿ ಎಂದು. ಆ ಝೇಂಕಾರದಲ್ಲಿ ಮೂಲ ಸ್ವರದ ಜೊತೆಗೆ ಅದರ ಉಪಸ್ವರಗಳೆಲ್ಲ ಮೇಲೆದ್ದು ಬರುತ್ತವೆ. ಅಂದರೆ ನಮ್ಮ ಹಿರಿಯರು ಶುದ್ಧ ತಂತಿಯ ನಾದಕ್ಕೆ ಬೇಕೆಂದೇ ಒಂದು ಕೆರೆತವನ್ನು ಸೇರಿಸಿದರು, ಅದಕ್ಕೆ ಜೀವ ಎಂಬ ಹೆಸರನ್ನೇ ಕೊಟ್ಟರು. ಗಿಟಾರಿನವರು ಡಿಸ್ಟಾರ್ಶನ್ ಎಂದು ಮಾಡುವುದೇನು? ಆಂಪ್ಲಿಫೈಯರು ತಡೆದುಕೊಳ್ಳುವುದಕ್ಕಿಂತ ಹೆಚ್ಚು ಸಿಗ್ನಲ್ಲನ್ನು ಅದರೊಳಕ್ಕೆ ತುರುಕುತ್ತಾರೆ. ಅಲೆಯ ತಲೆ ಕತ್ತರಿಸಿಹೋಗುತ್ತದೆ. ಹಾಗೆ ತಲೆ ಕತ್ತರಿಸಿದ ಅಲೆಯಲ್ಲಿ ಮೂಲ ಕಂಪನದ ಎರಡರಷ್ಟು, ಮೂರರಷ್ಟು, ಐದರಷ್ಟು ಕಂಪನದ ಸ್ವರಗಳು ಹುಟ್ಟಿಕೊಳ್ಳುತ್ತವೆ. ದಾರಿ ಬೇರೆ, ಹುಡುಕಿದ್ದು ಅದೇ ಉಪಸ್ವರವನ್ನು. ನಮ್ಮ ಕೂಟದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರುಗಳಿಗೆ ಬರವಿಲ್ಲ, ಊಟದ ಸಾಲಿನಲ್ಲಿ ನಿಂತಾಗ ಯಾರನ್ನಾದರೂ ಕೇಳಿ ನೋಡಿ.

ಹೋಲಿಕೆಗಾಗಿ ಹೋಲಿಕೆ ತಂದೆ ಎಂದುಕೊಳ್ಳಬೇಡಿ. ಇಲ್ಲಿ ನಿಜವಾದ ರಕ್ತಸಂಬಂಧವೇ ಇದೆ. ಲಾ ಮಾಂಟ್ ಯಂಗ್ ಎಂಬ ಅಮೆರಿಕನ್ ಸಂಗೀತಗಾರ 1950ರ ದಶಕದ ಕೊನೆಯಲ್ಲಿ ಅಲಿ ಅಕ್ಬರ್ ಖಾನರ ತಟ್ಟೆಯನ್ನು ಕೇಳಿ ಮರುಳಾದ. ಅದರ ಹಿಂದೆ ಒಂದೇ ಸಮನೆ ಮೊರೆಯುವ ತಂಬೂರಿಯೇ ಅವನ ತಲೆಯನ್ನು ಹೊಕ್ಕಿತು. ಮುಂದೆ ಅವನು ಕಟ್ಟಿದ ತಂಡದಲ್ಲಿ ಜಾನ್ ಕೇಲ್ ಎಂಬ ವೇಲ್ಸಿನ ಹುಡುಗ ವಯೋಲಾ ಹಿಡಿದು ಗಂಟೆಗಟ್ಟಲೆ ಒಂದೇ ಸ್ವರ ಎಳೆಯುತ್ತಿದ್ದ. ಆ ಕೇಲ್, ಲೂ ರೀಡ್ ಜೊತೆ ಸೇರಿ ಕಟ್ಟಿದ ಬ್ಯಾಂಡೇ ವೆಲ್ವೆಟ್ ಅಂಡರ್‌ಗ್ರೌಂಡ್. 1967ರ ಅವರ ಮೊದಲ ಆಲ್ಬಂ ಕೇಳಿ. ಕೇಲ್‌ನ ವಯೋಲಾಕ್ಕೆ ಗಿಟಾರಿನ ತಂತಿ. ರೀಡ್‌ನ ಗಿಟಾರಿನಲ್ಲಿ ಕೆಲವು ಹಾಡುಗಳಿಗೆ ಆರು ತಂತಿಗಳೂ ಒಂದೇ ಸ್ವರಕ್ಕೆ ಶ್ರುತಿಗೊಂಡಿವೆ. ಆರೂ ತಂತಿ ಒಂದೇ ಸ್ವರಕ್ಕೆ! ಇದು ಗಿಟಾರೋ ತಂಬೂರಿಯೋ ನೀವೇ ಹೇಳಿ. ಆಗ ಅದನ್ನು ಕೊಂಡವರು ಬಹಳ ಕಡಿಮೆ, ಆದರೆ ಕೊಂಡವರೆಲ್ಲ ಒಂದೊಂದು ಬ್ಯಾಂಡು ಕಟ್ಟಿದರು ಎಂಬ ಅರ್ಥದ ಬ್ರಯನ್ ಈನೋನ ಮಾತು ಈ ವಲಯದಲ್ಲಿ ಗಾದೆಯೇ ಆಗಿದೆ. ಇಂಡೀ ಸಂಗೀತದ ವಂಶವೃಕ್ಷ ಬರೆಯುವವರು ಬೇರನ್ನು ಅಲ್ಲೇ ತೋರಿಸುತ್ತಾರೆ.

ಇನ್ನೊಂದು ಸ್ವಾರಸ್ಯ ಕೇಳಿ. ಲಾ ಮಾಂಟ್ ಯಂಗ್ ಮುಂದೆ 1970ರಲ್ಲಿ ನ್ಯೂಯಾರ್ಕಿಗೆ ಬಂದ ಪಂಡಿತ್ ಪ್ರಾಣನಾಥರ ಶಿಷ್ಯನಾದ. ಪ್ರಾಣನಾಥರು ಕಿರಾಣಾ ಘರಾಣೆಯವರು, ಅಬ್ದುಲ್ ವಹೀದ್ ಖಾನರ ಶಿಷ್ಯರು. ವಹೀದ್ ಖಾನರ ಬಂಧು ಅಬ್ದುಲ್ ಕರೀಂ ಖಾನರು ತಯಾರು ಮಾಡಿದ್ದು ನಮ್ಮ ಕುಂದಗೋಳದ ಸವಾಯಿ ಗಂಧರ್ವರನ್ನು. ಸವಾಯಿ ಗಂಧರ್ವರು ತಯಾರು ಮಾಡಿದ್ದು ಗಂಗೂಬಾಯಿ ಹಾನಗಲ್ಲರನ್ನು, ಭೀಮಸೇನ ಜೋಶಿಯವರನ್ನು. ಹುಬ್ಬಳ್ಳಿ, ಗದಗ, ಕುಂದಗೋಳದಿಂದ ನ್ಯೂಯಾರ್ಕಿನ ಮಾಳಿಗೆಮನೆಗೆ ಎರಡೇ ಹೆಜ್ಜೆ! ಹಿರಿಯರು ತಮ್ಮ ಘರಾಣೆಯ ದಾಯಾದಿಗಳನ್ನೇ ಬಾಗಿಲಾಚೆ ನಿಲ್ಲಿಸಿದ್ದಾರೆ.

ಮಾಲಕಂಸದಲ್ಲಿ ಪಂಚಮವಿಲ್ಲ. ಆದ್ದರಿಂದ ಹಾಡುವವರು ತಂಬೂರಿಯ ಪಂಚಮದ ತಂತಿಯನ್ನು ಮಧ್ಯಮಕ್ಕೆ ಇಳಿಸಿಕೊಂಡು ಕೂರುತ್ತಾರೆ. ರಾಗಕ್ಕೆ ತಕ್ಕ ಶ್ರುತಿ. ನ್ಯೂಯಾರ್ಕಿನಲ್ಲಿ 1981ರಲ್ಲಿ ಹುಟ್ಟಿದ ಸೋನಿಕ್ ಯೂತ್ ಇದನ್ನು ಎಲ್ಲಿಗೆ ಒಯ್ದರು ಗೊತ್ತೇ? ಕೈಯಲ್ಲಿ ಕಾಸಿಲ್ಲದ ಥರ್ಸ್ಟನ್ ಮೂರ್, ಲೀ ರನಾಲ್ಡೋ ಕೊಂಡ ಗಿಟಾರುಗಳು ತೀರ ಅಗ್ಗದವು, ಮಾಮೂಲು ಶ್ರುತಿಯಲ್ಲಿ ಸರಿಯಾಗಿ ನುಡಿಯುತ್ತಿರಲಿಲ್ಲ. ಹಾಗಾದರೆ ಅದು ಯಾವ ಶ್ರುತಿಯಲ್ಲಿ ಚೆನ್ನಾಗಿ ನುಡಿಯುತ್ತದೋ ಅದೇ ಅದರ ಶ್ರುತಿ ಎಂದು ಬಿರಡೆ ತಿರುಗಿಸಿದರು. ತಂತಿಯಡಿಗೆ ಡ್ರಮ್ಮಿನ ಕೋಲು, ಸ್ಕ್ರೂಡ್ರೈವರು ಸಿಕ್ಕಿಸಿದರು. ಹಾಡಿಗೊಂದು ಶ್ರುತಿ, ಶ್ರುತಿಗೊಂದು ಗಿಟಾರು. 1999ರಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಎಂಬ ಊರಿನಲ್ಲಿ ಅವರ ಸಾಮಾನಿನ ಟ್ರಕ್ಕನ್ನೇ ಕಳ್ಳರು ಹೊಡೆದುಕೊಂಡು ಹೋದಾಗ, ಆ ಗಿಟಾರುಗಳ ಜೊತೆಗೆ ಕೆಲವು ಹಾಡುಗಳೂ ಹೋದಂತಾಯಿತು, ಏಕೆಂದರೆ ಬೇರೆ ಗಿಟಾರಿನಲ್ಲಿ ಅವು ಕೂರುತ್ತಿರಲಿಲ್ಲ. ಅವರ 1988ರ ಡೇಡ್ರೀಮ್ ನೇಷನ್ ಆಲ್ಬಂ ಲೈಬ್ರರಿ ಆಫ್ ಕಾಂಗ್ರೆಸ್ಸು ಕಾಪಾಡಬೇಕೆಂದು ಆರಿಸಿದ ಧ್ವನಿಮುದ್ರಣಗಳ 2005ರ ಪಟ್ಟಿಯಲ್ಲಿದೆ. ಇಷ್ಟು ಶ್ರುತಿ ಹುಡುಕಿದವರನ್ನು ಶ್ರುತಿಗೇಡಿಗಳು ಎನ್ನಬೇಕೆ?

ಗಮಕವಂತೂ ಅವರ ಬಳಿ ಇಲ್ಲವೇ ಇಲ್ಲ ಎಂದು ಪತ್ರದಲ್ಲಿ ಒಂದು ಸಾಲಿದೆ. ಮೈ ಬ್ಲಡಿ ವ್ಯಾಲಂಟೈನ್ ಎಂಬ ತಂಡದ 1991ರ ಲವ್‌ಲೆಸ್ ಆಲ್ಬಂ ಕೇಳಿಯೇ ಆ ಸಾಲು ಬರೆದರೋ, ಕೇಳದೆಯೋ? ಕೆವಿನ್ ಶೀಲ್ಡ್ಸ್ ಗಿಟಾರಿನ ಕುದುರೆಗೆ ಸೇರಿಕೊಂಡ ಸಣ್ಣ ಸಲಾಕೆಯನ್ನು ಅಂಗೈಯಲ್ಲೇ ಹಿಡಿದುಕೊಂಡು ತಂತಿ ಮೀಟುತ್ತಾನೆ. ಮೀಟಿದಷ್ಟು ಸಲವೂ ಇಡೀ ಸ್ವರಗುಚ್ಛ ಒಂದಿಷ್ಟು ಕೆಳಗೆ ಜಾರಿ ಮೇಲೆ ಬರುತ್ತದೆ. ಸ್ವರ ಎಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ, ತೂಗುತ್ತಲೇ ಇರುತ್ತದೆ. ವೀಣೆಯಲ್ಲಿ ತಂತಿ ಎಳೆದು ನುಡಿಸುವಾಗಿನ ಗಮಕ ಖಂಡಿತ ಇದಕ್ಕಿಂತ ಸೂಕ್ಷ್ಮ, ಅದು ಒಂದೊಂದು ಸ್ವರದ ಕುಸುರಿ. ಇದು ಇಡೀ ಮನೆಯೇ ತೊಟ್ಟಿಲಾದಂತೆ. ಎರಡನ್ನೂ ಕೇಳುವ ಕಿವಿ ಒಂದೇ ತಲೆಗೆ ಇರಬಾರದೆಂಬ ನಿಯಮವೇನೂ ಇಲ್ಲ. ಆ ಒಂದು ಆಲ್ಬಮ್ಮಿಗೆ ಅವರು ಎರಡು ವರ್ಷ, ಹಲವು ಸ್ಟುಡಿಯೋ ಸುತ್ತಿದರು. ಮುಂದಿನದು ಬಂದದ್ದು 2013ರಲ್ಲಿ. ನಮ್ಮ ಮಕ್ಕಳು ಅಷ್ಟು ಕಾಯಿಸುವುದಿಲ್ಲ, ಬರೀ ಇಪ್ಪತ್ತೈದು ನಿಮಿಷ ಕೇಳಿದ್ದಾರೆ.

ಕಲಿಯದವರ ಆಟ ಎಂಬ ಎರಡನೆಯ ಆರೋಪಕ್ಕೆ ಹೆಚ್ಚು ಹೊತ್ತು ಬೇಡ. ಸ್ಮಿತ್ಸ್ ತಂಡದ ಜಾನಿ ಮಾರ್ ನುಡಿಸುವುದನ್ನು ಐದು ನಿಮಿಷ ಕೇಳಿದವರು ಈ ಮಾತು ಆಡುವುದಿಲ್ಲ. ಇನ್ನು, ಹೆಚ್ಚು ಕಲಿಯದೆಯೂ ಹಾಡು ಕಟ್ಟಿದವರಿದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ. ನ್ಯೂಜಿಲೆಂಡಿನ ದ ಕ್ಲೀನ್ ತಂಡ 1981ರಲ್ಲಿ ತೀರ ಕಡಿಮೆ ಖರ್ಚಿನಲ್ಲಿ ಒಂದು ಹಾಡು ಧ್ವನಿಮುದ್ರಿಸಿ, ಆ ದೇಶದ ಮೊದಲ ಇಪ್ಪತ್ತು ಹಾಡುಗಳ ಪಟ್ಟಿಗೆ ಸೇರಿತು. ಮಿನಿಯಾಪೊಲಿಸ್ ಕಡೆಯ ಹಸ್ಕರ್ ಡೂ ತಂಡ 1984ರಲ್ಲಿ ಝೆನ್ ಆರ್ಕೇಡ್ ಎಂಬ ಜೋಡಿ ತಟ್ಟೆಯ ಆಲ್ಬಮ್ಮನ್ನೇ 3,200 ಡಾಲರಿನಲ್ಲಿ ಮುಗಿಸಿತು. ಒಹಾಯೋದ ಡೇಟನ್ನಿನಲ್ಲಿ ರಾಬರ್ಟ್ ಪೊಲಾರ್ಡ್ ನಾಲ್ಕನೇ ಕ್ಲಾಸಿನ ಮೇಷ್ಟ್ರು. ಹಗಲು ಮಕ್ಕಳಿಗೆ ಪಾಠ, ಸಂಜೆ ಗ್ಯಾರೇಜಿನಲ್ಲಿ ಗೆಳೆಯರ ಜೊತೆ ನಾಲ್ಕು ಟ್ರ್ಯಾಕಿನ ಟೇಪು ಯಂತ್ರ. ಅಲ್ಲಿಂದ 1994ರಲ್ಲಿ ಬೀ ಥೌಸಂಡ್ ಬಂತು. ಅದರ ಸದ್ದು ಬಾವಿಯೊಳಗಿಂದ ಬಂದಂತಿದೆ, ನಿಜ. ಹಾಡುಗಳನ್ನು ಮಾತ್ರ ಒಮ್ಮೆ ಕೇಳಿದರೆ ತಲೆಯಿಂದ ಕೆಳಗಿಳಿಸುವುದು ಕಷ್ಟ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು ವಚನ ಕಟ್ಟಿದ ನಾಡಿನಿಂದ ಬಂದ ನಾವು, ಹಾಡಲು ಮೊದಲು ಅರ್ಹತಾಪತ್ರ ತೋರಿಸು ಎಂದರೆ ಹೇಗೆ? (ವಚನಕ್ಕೂ ರಾಕಿಗೂ ಹೋಲಿಕೆಯೇ ಎಂದು ಗದರಬೇಡಿ. ಹೋಲಿಸುತ್ತಿರುವುದು ಕಟ್ಟುವ ಹಕ್ಕನ್ನು.)

ನಮ್ಮವರಿಗೆ ಪಿಎಚ್.ಡಿ. ಎಂದರೆ ಕಿವಿ ನೆಟ್ಟಗಾಗುತ್ತದೆ, ಆದ್ದರಿಂದ ಇದೊಂದನ್ನೂ ಹೇಳಿಬಿಡುತ್ತೇನೆ. ಪಂಕ್ ತಂಡ ಡಿಸೆಂಡೆಂಟ್ಸ್ 1982ರಲ್ಲಿ ತಂದ ಆಲ್ಬಮ್ಮಿನ ಹೆಸರೇ ಮೈಲೋ ಕಾಲೇಜಿಗೆ ಹೋದ ಎಂದು. ಹಾಡುಗಾರ ಮೈಲೋ ನಿಜವಾಗಿಯೂ ಓದಲು ಹೋದ, ಜೀವವಿಜ್ಞಾನದಲ್ಲಿ ಡಾಕ್ಟರೇಟು ಪಡೆದ. ಮಕ್ಕಳು ಗಿಟಾರು ಹಿಡಿದರೆ ಎಸ್.ಎ.ಟಿ. ಅಂಕ ಬಿದ್ದುಹೋಗುತ್ತದೆಂದು ರಾತ್ರಿ ನಿದ್ದೆಗೆಡುವ ತಂದೆತಾಯಂದಿರು ಈ ಪ್ಯಾರಾವನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿಕೊಳ್ಳಬಹುದು.

ನನಗೆ ಈ ಸಂಗೀತ ಅಂಟಿದ್ದು ಸದ್ದಿನಿಂದ, ನಿಜ. ಆದರೆ ಬಿಡದಂತೆ ಹಿಡಿದುಕೊಂಡಿದ್ದು ಅದರ ಲೆಕ್ಕಪತ್ರದಿಂದ. ನಗಬೇಡಿ. ವಾಷಿಂಗ್ಟನ್ನಿನ ಫುಗಾಝಿ ತಂಡ 1980ರ ದಶಕದ ಕೊನೆಯಿಂದ 2002ರ ತನಕ ನುಡಿಸಿತು. ಟಿಕೆಟು ಐದು ಡಾಲರಿನ ಆಸುಪಾಸು ಇರಬೇಕು, ಯಾವ ವಯಸ್ಸಿನವರಿಗೂ ಪ್ರವೇಶ ಇರಬೇಕು, ಟೀ ಶರ್ಟು ಮಾರುವುದಿಲ್ಲ, ಇದು ಅವರ ಕರಾರು. ಹೆಂಡದಂಗಡಿಯಲ್ಲಿ ಕಚೇರಿ ಇಟ್ಟರೆ ಹದಿನಾರು ವರ್ಷದವರು ಹೊರಗೆ ನಿಲ್ಲಬೇಕಾಗುತ್ತದೆಂದು ಚರ್ಚಿನ ನೆಲಮಾಳಿಗೆ, ಸಮುದಾಯ ಭವನ ಹುಡುಕಿ ಹುಡುಕಿ ನುಡಿಸಿದರು. ಅವರ ಆಲ್ಬಂ ತಂದದ್ದು ಇಯಾನ್ ಮೆಕೈ ಗೆಳೆಯನೊಬ್ಬನ ಜೊತೆ 1980ರಲ್ಲಿ ಶುರುಮಾಡಿದ ಡಿಸ್ಕಾರ್ಡ್ ಎಂಬ ಸಣ್ಣ ಲೇಬಲ್ಲು. ಮಾದಕ ವಸ್ತು, ಕುಡಿತ ಎಂದು ಪತ್ರದಲ್ಲಿ ಒಂದಿಡೀ ಪ್ಯಾರಾ ಇದೆಯಲ್ಲ, ಈ ಮೆಕೈ ಕುಡಿತವನ್ನೂ ಮಾದಕ ವಸ್ತುವನ್ನೂ ಧಿಕ್ಕರಿಸಿ ಹಾಡು ಕಟ್ಟಿದವನು. ಅದನ್ನು ಕೇಳಿ ಒಂದು ತಲೆಮಾರಿನ ಎಷ್ಟೋ ಹುಡುಗರು ಕೈಮೇಲೆ ಗುರುತು ಹಾಕಿಕೊಂಡು ಬಾಟಲಿಯಿಂದ ದೂರ ಉಳಿದರು.

ನಮ್ಮ ಶಿಕಾಗೋದ ಟಚ್ ಅಂಡ್ ಗೋ ಲೇಬಲ್ಲು ಬ್ಯಾಂಡುಗಳ ಜೊತೆ ಕಾಗದವನ್ನೇ ಬರೆಸಿಕೊಳ್ಳುತ್ತಿರಲಿಲ್ಲ. ಕೈ ಕುಲುಕುವುದು, ಖರ್ಚು ಕಳೆದು ಬಂದ ಲಾಭ ಅರ್ಧ ನಿನಗೆ ಅರ್ಧ ನನಗೆ. ಮುಂದೆ ಒಂದು ತಂಡದವರು ಬಾಯಿಮಾತಿನ ಒಪ್ಪಂದ ಕಾನೂನಿನಲ್ಲಿ ನಿಲ್ಲದೆಂದು ಕೋರ್ಟು ಹತ್ತಿ 1999ರಲ್ಲಿ ಗೆದ್ದದ್ದೂ ನಿಜ. ಸಣ್ಣವರೆಲ್ಲ ಸಾಧುಗಳು ಎಂದೂ ನಾನು ಹೇಳುತ್ತಿಲ್ಲ. ತಮ್ಮ ಹಾಡಿನ ಹಕ್ಕು ಬಿಡಿಸಿಕೊಳ್ಳಲು ಸಣ್ಣ ಲೇಬಲ್ಲುಗಳ ಮೇಲೆಯೇ ದಾವೆ ಹೂಡಿದ ಬ್ಯಾಂಡುಗಳಿವೆ. ಎಲ್ಲರ ಮನೆ ದೋಸೆಯೂ ತೂತೇ. ಆದರೆ ಕಾವಲಿಯೇ ಬೇರೆಯವರದಾದಾಗ ತೂತಿನ ಗತಿ ಏನು ಎಂಬುದನ್ನು ನಮ್ಮ ಊರಿನ ಸ್ಟೀವ್ ಆಲ್ಬಿನಿ 1993ರಲ್ಲಿ ಬ್ಯಾಫ್ಲರ್ ಪತ್ರಿಕೆಯಲ್ಲಿ ಪೈಸೆ ಪೈಸೆ ಲೆಕ್ಕ ಹಾಕಿ ತೋರಿಸಿದ. ದೊಡ್ಡ ಕಂಪನಿಯಿಂದ ಎರಡೂವರೆ ಲಕ್ಷ ಡಾಲರು ಮುಂಗಡ ಪಡೆದ ಒಂದು ಕಾಲ್ಪನಿಕ ಬ್ಯಾಂಡು. ವಕೀಲ, ಮ್ಯಾನೇಜರು, ಸ್ಟುಡಿಯೋ, ವೀಡಿಯೋ, ಬಸ್ಸು ಎಂದು ಒಂದೊಂದೇ ಕಳೆದುಕೊಂಡು ಬಂದರೆ ಕೊನೆಗೆ ಕಂಪನಿಗೆ ಏಳು ಲಕ್ಷ, ನುಡಿಸಿದವನ ಕೈಗೆ ನಾಲ್ಕು ಸಾವಿರ. ನಮ್ಮ ಕೂಟದ ಖಜಾಂಚಿಗಳು ಆ ಲೇಖನ ಓದಿದರೆ ಆನಂದಬಾಷ್ಪ ಸುರಿಸುತ್ತಾರೆ, ಅಷ್ಟು ಚೊಕ್ಕ ಜಮಾಖರ್ಚು.

ಅದೇ ವರ್ಷ ಅದೇ ಆಲ್ಬಿನಿ ನಿರ್ವಾಣ ತಂಡದ ಇನ್ ಯೂಟರೋ ಆಲ್ಬಮ್ಮನ್ನು ಧ್ವನಿಮುದ್ರಿಸಿದ. ಆಗ ಲೋಕದಲ್ಲೇ ಅತಿ ದೊಡ್ಡ ಹೆಸರು ಅವರದು. ಅವರ 1991ರ ನೆವರ್‌ಮೈಂಡ್ ಆಲ್ಬಂ 1992ರ ಜನವರಿಯಲ್ಲಿ ಮೈಕೆಲ್ ಜಾಕ್ಸನ್ನನನ್ನೇ ಪಟ್ಟಿಯ ತುದಿಯಿಂದ ಇಳಿಸಿತ್ತು. (ನಿರ್ವಾಣ ಎಂಬುದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆ, ಆ ಆಲ್ಬಮ್ಮಿನ ರಟ್ಟಿನ ಮೇಲಿನ ಕೂಸನ್ನು ನೋಡಿದಾಗೆಲ್ಲ ನಮ್ಮ ಅರ್ಥವೇ ಸರಿ ಎನ್ನಿಸುತ್ತದೆ.) ಮಾಮೂಲಿನಂತೆ ಮಾರಾಟದಲ್ಲಿ ಪಾಲು ಕೇಳಿದ್ದರೆ ಅವನ ಮೊಮ್ಮಕ್ಕಳವರೆಗೂ ಸಾಕಾಗುತ್ತಿತ್ತು. ಬೇಡ ಎಂದ. ನಾನು ಪ್ಲಂಬರಿನ ಹಾಗೆ, ಕೆಲಸ ಮಾಡುತ್ತೇನೆ, ಕೂಲಿ ಕೊಡಿ, ಹಾಡು ನಿಮ್ಮದು ಎಂಬುದು ಅವನ ನಿಲುವು. ಒಂದು ಲಕ್ಷ ಡಾಲರು ಕೂಲಿ ತೆಗೆದುಕೊಂಡು ಎದ್ದ. 1997ರಲ್ಲಿ ಬೆಲ್ಮಾಂಟ್ ಅವೆನ್ಯೂದಲ್ಲಿ ಎಲೆಕ್ಟ್ರಿಕಲ್ ಆಡಿಯೋ ಎಂಬ ಸ್ಟುಡಿಯೋ ತೆರೆದು, ಹೆಸರಿದ್ದವರಿಗೂ ಇಲ್ಲದವರಿಗೂ ಮೈಕು ಜೋಡಿಸುತ್ತಾ ಕೂತ. 2024ರ ಮೇ ತಿಂಗಳಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಇವನ ನಾಲಿಗೆ ಬಲು ಕೆಟ್ಟದು, ಚಿಕ್ಕಂದಿನಲ್ಲಿ ಆಡಿದ ಎಷ್ಟೋ ಮಾತಿಗೆ ದೊಡ್ಡವನಾದ ಮೇಲೆ ತಾನೇ ನಾಚಿಕೊಂಡ. ಆದರೆ ಕೈ ಶುದ್ಧ. ನಾವು ಸಂಸ್ಕೃತಿ ಎನ್ನುವುದು ಯಾವುದಕ್ಕೆ, ಬರೀ ರೇಷ್ಮೆ ಪಂಚೆಗೋ?

ಕಂಪನಿಗಳ ಜಾಣತನಕ್ಕೂ ನಮ್ಮ ಊರಿನದೇ ಒಂದು ಕಥೆ ಇದೆ. 2001ರಲ್ಲಿ ವಿಲ್ಕೋ ತಂಡ ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್ ಆಲ್ಬಂ ಮುಗಿಸಿ ಕೊಟ್ಟಿತು. ರಟ್ಟಿನ ಮೇಲೆ ನಮ್ಮ ಮರೀನಾ ಸಿಟಿಯ ಜೋಳದ ತೆನೆಯಂಥ ಜೋಡಿ ಗೋಪುರ. ರಿಪ್ರೈಸ್ ಕಂಪನಿಯವರು ಕೇಳಿ, ಇದು ಮಾರಾಟವಾಗದು ಎಂದು ಕೈಬಿಟ್ಟರು. ತಂಡದವರು ಹಾಡುಗಳನ್ನು ತಾವೇ ಇಂಟರ್‌ನೆಟ್ಟಿನಲ್ಲಿ ಬಿಟ್ಟಿ ಕೇಳಿಸಿದರು. ಜನ ಮುಗಿಬಿದ್ದ ಮೇಲೆ ನಾನ್‌ಸಚ್ ಕಂಪನಿ ಅದನ್ನು ಕೊಂಡು 2002ರಲ್ಲಿ ಹೊರತಂದಿತು. ತಮಾಷೆ ಎಂದರೆ ರಿಪ್ರೈಸ್, ನಾನ್‌ಸಚ್ ಎರಡಕ್ಕೂ ಯಜಮಾನ ಒಬ್ಬನೇ. ಮುಂಬಾಗಿಲಿನಿಂದ ಎಸೆದ ಪಾತ್ರೆಯನ್ನು ಹಿತ್ತಿಲ ಬಾಗಿಲಿನಲ್ಲಿ ದುಡ್ಡು ಕೊಟ್ಟು ಕೊಂಡ ಹಾಗೆ.

ನಮ್ಮದಲ್ಲದ್ದು ಎಂಬ ಮೂರನೆಯ ಆರೋಪ ನೋಡೋಣ. ಪಿಟೀಲು ಯಾರದು, ಸ್ವಾಮಿ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಕಲಿತು ತಂದದ್ದು. ಹಾರ್ಮೋನಿಯಂ ಪರದೇಶಿ ಎಂದು 1940ರಿಂದ 1971ರ ತನಕ ಆಕಾಶವಾಣಿಯಲ್ಲಿ ನಿಷೇಧವಿತ್ತು. ನಮ್ಮ ಕೂಟದ ಭಜನೆಯಲ್ಲಿ ಅದಿಲ್ಲದೆ ಗಣಪತಿಯೂ ಏಳುವುದಿಲ್ಲ. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ತ್ಯಾಗರಾಜರ ಕೃತಿ ನುಡಿಸಿದಾಗ ನಾವೇ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೇವೆ. ಪರದೇಶಿ ವಾದ್ಯ ನಮ್ಮ ಹಾಡು ನುಡಿಸಿದರೆ ಹೆಮ್ಮೆ, ನಮ್ಮ ಮಕ್ಕಳು ತಮ್ಮ ಹಾಡು ನುಡಿಸಿದರೆ ಗದ್ದಲ?

ಅಲ್ಲದೆ ಆ ಸಂಗೀತ ಅವರದು ಮಾತ್ರ ಎಂದವರು ಯಾರು? ಸೌಂಡ್‌ಗಾರ್ಡನ್ ತಂಡದ ಗಿಟಾರಿನವನು ಕಿಮ್ ಥಯಿಲ್. ತಂದೆತಾಯಿ ಕೇರಳದವರು, ಅವನು ಬೆಳೆದದ್ದು ಇಲ್ಲೇ ಶಿಕಾಗೋ ಬಳಿಯ ಪಾರ್ಕ್ ಫಾರೆಸ್ಟಿನಲ್ಲಿ. ಸಿಯಾಟಲ್ಲಿಗೆ ಹೋಗಿ ತತ್ತ್ವಶಾಸ್ತ್ರ ಓದಿ, ಗಿಟಾರು ಹಿಡಿದ. 2025ರಲ್ಲಿ ಆ ತಂಡವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿಕೊಂಡರು. ಅವನ ಅಪ್ಪ ಅಮ್ಮನ ಸಂಘದವರೂ ಅವನಿಗೆ ಮುಂದೆ ನೋಡೋಣ ಎಂದಿದ್ದರೋ ಏನೋ! ಇಂಗ್ಲೆಂಡಿನ ಕಾರ್ನರ್‌ಶಾಪ್ ತಂಡದ ತಜಿಂದರ್ ಸಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ. ಏಷ್ಯದವರೆಂದರೆ ಮೂಲೆಯಂಗಡಿಯವರು ಎಂಬ ಅಲ್ಲಿನವರ ಮೂದಲಿಕೆಯನ್ನೇ ತಂಡದ ಹೆಸರಾಗಿ ಇಟ್ಟುಕೊಂಡ. ತಾವೇ ಪೂಜಿಸುತ್ತಿದ್ದ ಇಂಡೀ ಲೋಕದ ದೊಡ್ಡ ಹಾಡುಗಾರ ಮಾರಿಸ್ಸಿ ಜನಾಂಗದ ವಿಷಯದಲ್ಲಿ ಅಸಡ್ಡಾಳವಾಗಿ ನಡೆದುಕೊಂಡನೆಂದು 1992ರಲ್ಲಿ ಅವನ ಚಿತ್ರವನ್ನು ಇ.ಎಂ.ಐ. ಕಚೇರಿಯ ಮುಂದೆ ಸುಟ್ಟರು. 1997ರಲ್ಲಿ ಆಶಾ ಭೋಸ್ಲೆಯವರ ಮೇಲೆ ಒಂದು ಹಾಡು ಕಟ್ಟಿದರು. ಅದರ ಹೊಸ ರೂಪ 1998ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ನಮ್ಮ ಸಿನಿಮಾ ಹಾಡಿನ ತಾಯಿಯೊಬ್ಬಳನ್ನು ಬಿಳಿಯರ ಬಾಯಲ್ಲಿ ಹಾಡಿಸಿದ್ದು ಯಾವ ಸಾಂಸ್ಕೃತಿಕ ನಿಯೋಗವೂ ಅಲ್ಲ, ಒಂದು ಇಂಡೀ ಗಿಟಾರು ಬ್ಯಾಂಡು.

ನಮ್ಮ ವೇದಿಕೆಯ ಈಗಿನ ಸ್ಥಿತಿಯನ್ನೂ ಸ್ವಲ್ಪ ನೋಡಿಕೊಳ್ಳೋಣ. ಹೋದ ದೀಪಾವಳಿಗೆ ಹದಿನಾಲ್ಕು ಕಾರ್ಯಕ್ರಮಗಳಲ್ಲಿ ಹನ್ನೊಂದು, ಲ್ಯಾಪ್‌ಟಾಪಿನಿಂದ ಬಿಟ್ಟ ಸಿನಿಮಾ ಹಾಡಿಗೆ ಕುಣಿತ. ಹಾಡಿದ ಇಬ್ಬರೂ ಕರಾವೊಕೆ ಟ್ರ್ಯಾಕಿನ ಮೇಲೆ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಚೀಟಿ ನೋಡಿಕೊಂಡು. ಯಾರೂ ಶ್ರುತಿ ಕೇಳಲಿಲ್ಲ, ಯಾರೂ ಗದ್ದಲ ಎನ್ನಲಿಲ್ಲ. ಮುಚ್ಚಿದ ಜಿಮ್ಮಿನಲ್ಲಿ ಡೊಳ್ಳು ಬಾರಿಸಿದಾಗ ನನ್ನ ಪಕ್ಕದವರ ಕಾಫಿ ಲೋಟ ನಡುಗುತ್ತಿತ್ತು, ಅದಕ್ಕೂ ಶಿಳ್ಳೆ ಹೊಡೆದೆವು. ಹೊಡೆಯಬೇಕಾದ್ದೇ. ಈ ನಾಲ್ಕು ಮಕ್ಕಳು ಕೇಳಿಕೊಂಡ ಐದು ಹಾಡುಗಳಲ್ಲಿ ಎರಡು ಕನ್ನಡದವು, ಅವರೇ ಬರೆದವು. ಒಂದು ಹಿಮ ಬಾಚುವ ಸಲಿಕೆಯ ಮೇಲೆ, ಇನ್ನೊಂದು ಫೋನಿನಲ್ಲಿ ಮ್ಯಾಟ್ ಆಗುವ ಅಜ್ಜಿಯ ಮುಖದ ಮೇಲೆ. ಗ್ಯಾರೇಜಿನಲ್ಲಿ ನಿಂತು ಕೇಳಿ ಬಂದಿದ್ದೇನೆ. ಲಕಾರ ಳಕಾರ ಅದಲು ಬದಲಾಗಿದೆ, 'ಅಜ್ಜಿ ಮಾತಾಡ್ತಾನೆ' ಎಂದು ಒಂದು ಕಡೆ ಇದೆ. ತಿದ್ದಲು ನಮ್ಮಲ್ಲಿ ಕನ್ನಡ ಪಂಡಿತರು ಸಾಕಷ್ಟಿದ್ದಾರೆ. ಬರೆಯುವ ಮಕ್ಕಳು ಎಷ್ಟಿದ್ದಾರೆ? ನನಗೆ ಗೊತ್ತಿರುವಂತೆ ನಾಲ್ಕು. ಅವರಿಗೂ ಇಲ್ಲಿ ಜಾಗವಿಲ್ಲವೆಂದರೆ ಅವರು ಇಂಗ್ಲಿಷಿನಲ್ಲಿ ಬರೆದುಕೊಂಡು ಬೇರೆಲ್ಲಾದರೂ ಹಾಡುತ್ತಾರೆ. ಜಾಗವೇನೂ ಕಡಿಮೆಯಿಲ್ಲ ಈ ಊರಿನಲ್ಲಿ. ಹಾರ್ಸ್‌ಗರ್ಲ್ ಎಂಬ ಮೂವರು ಹುಡುಗಿಯರ ತಂಡ ಶಿಕಾಗೋದಲ್ಲಿ ಹದಿಹರೆಯದಲ್ಲೇ ಶುರುವಾಗಿ, 2022ರಲ್ಲಿ ಮೆಟಡಾರ್ ಲೇಬಲ್ಲಿನಿಂದ ಮೊದಲ ಆಲ್ಬಂ ತಂದಿತು. ಧ್ವನಿಮುದ್ರಣ ನಡೆದದ್ದು ಆಲ್ಬಿನಿಯ ಅದೇ ಸ್ಟುಡಿಯೋದಲ್ಲಿ. ಅವರ ಓರಗೆಯ ಲೈಫ್‌ಗಾರ್ಡ್ ತಂಡದ ಹುಡುಗನೊಬ್ಬ ಹ್ಯಾಲೊಗ್ಯಾಲೊ ಎಂಬ ಪತ್ರಿಕೆ ತರುತ್ತಾನೆ. ಕತ್ತರಿ, ಗೋಂದು, ಜೆರಾಕ್ಸ್. ಇಂಟರ್‌ನೆಟ್ಟಿನ ಮಧ್ಯೆ ಹುಟ್ಟಿದ ಮಕ್ಕಳು ಕಾಗದದ ಪತ್ರಿಕೆ ಮಾಡಿ ಕೈಯಿಂದ ಕೈಗೆ ಹಂಚುತ್ತಿದ್ದಾರೆ. ನೀವೀಗ ಕೈಯಲ್ಲಿ ಹಿಡಿದಿರುವ ಈ ಸಂಚಿಕೆಯ ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನು ಹೇಗೆ ವಾಲಿಕೊಂಡಿದೆಯೋ, ಅದರಲ್ಲೂ ಹಾಗೆಯೇ ಇರುತ್ತದೆಂದು ನನ್ನ ಊಹೆ.

ಹಿರಿಯರ ಒಂದು ಮಾತು ಮಾತ್ರ ಸರಿ. ಸದ್ದು ಜೋರು. ಕಿವಿಗೆ ಅಪಾಯ ನಿಜವಾದದ್ದು, ಕೆವಿನ್ ಶೀಲ್ಡ್ಸ್‌ನಿಗೇ ಕಿವಿಯಲ್ಲಿ ಗುಂಯ್‌ಗುಡುವ ತೊಂದರೆಯಿದೆ. 2008ರಲ್ಲಿ ಅವರ ತಂಡ ಮತ್ತೆ ವೇದಿಕೆಯೇರಿದಾಗ ಬಾಗಿಲಲ್ಲೇ ಕೇಳುಗರಿಗೆ ಕಿವಿಗೆ ಹಾಕಿಕೊಳ್ಳುವ ಬಿರಡೆ ಹಂಚಿದರು. ನಾವೂ ಹಂಚೋಣ, ಕೋಸಂಬರಿ ಹಂಚಿದ ಹಾಗೆ.

ಬರುವ ಸರ್ವಸದಸ್ಯರ ಸಭೆಯಲ್ಲಿ ನಾನು ಮಂಡಿಸಲಿರುವ ಠರಾವು ಹೀಗಿದೆ. ರಾಜ್ಯೋತ್ಸವದ ದಿನ ಊಟಕ್ಕೆ ಮುಂಚೆ, ಊಟದ ನಂತರ ಅಲ್ಲ (ನಂತರ ಯಾರೂ ಎಚ್ಚರವಿರುವುದಿಲ್ಲ), ಈ ಮಕ್ಕಳಿಗೆ ಇಪ್ಪತ್ತೈದು ನಿಮಿಷ ಕೊಡತಕ್ಕದ್ದು. ಕನ್ನಡದ ಎರಡು ಹಾಡು ಮೊದಲು. ಡ್ರಮ್ಮಿನ ಅಡಿಗೆ ಹಾಸಲು ಕಂಬಳಿ, ಸದ್ದು ಅಳೆಯುವ ಮೀಟರು, ಇನ್ನೂರು ಜೊತೆ ಕಿವಿ ಬಿರಡೆ, ಇವಿಷ್ಟರ ಖರ್ಚು ನನ್ನದು. ಕೂಟದ ಖಜಾನೆಯಿಂದ ಒಂದು ಡಾಲರೂ ಬೇಡ. ಅನುಮೋದಿಸಲು ಒಬ್ಬರು ಬೇಕು. ಪತ್ರ ಬರೆದ ಹಿರಿಯರಿಗೆ ಮುಂದಿನ ಶನಿವಾರ ಸಂಜೆ ನಾಲ್ಕಕ್ಕೆ ಗ್ಯಾರೇಜಿನಲ್ಲಿ ಒಂದು ಕುರ್ಚಿ ಹಾಕಿಸಿರುತ್ತೇವೆ. ಚಹಾ ಇರುತ್ತದೆ. ಮಕ್ಕಳ ಶ್ರುತಿ ಎಲ್ಲಿ ತಪ್ಪಿದೆ ಎಂದು ಅವರು ಅಲ್ಲೇ ಬಂದು ತೋರಿಸಲಿ, ಮಕ್ಕಳು ಬಿರಡೆ ತಿರುಗಿಸಲು ಸಿದ್ಧರಿದ್ದಾರೆ.